ಹೇಳಿದ ಕಥೆ, ಬರೆದ ಕಥೆ

ಕುಣಿಗಲ್ ಕಡೆಯ ಹುಡುಗನೊಬ್ಬ ತುಮಕೂರಿಗೆ ಬಂದು ನಮ್ಮ ಮುಂದೆ ಒಂದು ಚಿತ್ರಕಥೆ ಇಟ್ಟ. ಕುದುರೆ ಫಾರಂನಲ್ಲಿ ಲಾಯ ನೋಡಿಕೊಳ್ಳುವವನ ಮಗನ ಕಥೆ. ಅಪ್ಪನಿಗೆ ಮಗ ಎಷ್ಟನೇ ತರಗತಿ ಎಂಬುದು ನೆನಪಿಲ್ಲ, ಪ್ರತಿ ಮರಿಯ ತಾಯಿ ಯಾರೆಂಬುದು ನೆನಪಿದೆ. ಮೊದಲ ಮೂವತ್ತು ಪುಟ ಓದಿ, ಕಥೆಗಾರರಾದ ನಮಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಎಲ್ಲಿಂದಲೋ ಒಬ್ಬ ಖಳನಾಯಕ ಬಂದ. ಲಾಯದ ಹುಡುಗ ಒಬ್ಬನೇ ಹತ್ತು ಜನರನ್ನು ಹೊಡೆದುಹಾಕಿದ.

"ಇದೇನಪ್ಪಾ?" ಎಂದೆವು.

"ಗಾಂಧಿನಗರದಲ್ಲಿ ಫೈಟ್ ಎಲ್ಲಿದೆ ಅಂತ ಕೇಳಿದ್ರು ಸಾರ್. ಸೇರಿಸಿದೆ."

ನಾಲ್ಕು ಕಚೇರಿಗಳಲ್ಲಿ ಕಥೆ ಹೇಳಿ ಬಂದಿದ್ದಾನೆ. ಎಲ್ಲಾ ಬಾಯಿಮಾತಿನಲ್ಲೇ. ಕಾಗದ ಕೇಳಿದವರಿಲ್ಲ, ಕೊಟ್ಟೂ ಇಲ್ಲ. ನಾವೂ ಹಿಂದೊಮ್ಮೆ ಹೀಗೆಯೇ ಹೇಳಿ, ಕಾಫಿ ಕುಡಿದು ಬಂದವರೇ. ಆ ಕಥೆ ಬೇರೆ.

ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ಸಿನಿಮಾದವರಿಗೆ ವಿವರಿಸಿದ್ದರು. 1956ರಲ್ಲಿ 'ನ್ಯೂ ಡೆಲ್ಲಿ' ಚಿತ್ರ ಬಂದಾಗ ಇದು ನಮ್ಮದೇ ಎಂದು ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಕಟ್ಟಿದ ರೂಪಕ್ಕೆ ಮಾತ್ರ ಇದೆ ಎಂದಿತು ನ್ಯಾಯಾಲಯ. ನಾಟಕ ಬರೆದಿಟ್ಟವರ ಪಾಡೇ ಇದು. ಬರೀ ಹೇಳಿ ಬಂದವನ ಪಾಡೇನು?

ನಮ್ಮವರೇ ಆದ ಸಾರಾ ಅಬೂಬಕ್ಕರ್ ಗೆದ್ದರು. 2011ರ 'ಬ್ಯಾರಿ' ಚಿತ್ರ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ಅದು ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಿಂದ ಅನುಮತಿಯಿಲ್ಲದೆ ತೆಗೆದದ್ದು ಎಂದು ಅವರು ಮಂಗಳೂರಿನಲ್ಲಿ ಮೊಕದ್ದಮೆ ಹಾಕಿದರು. ವರ್ಷಗಳೇ ಹಿಡಿದರೂ ತೀರ್ಪು ಅವರ ಪರವಾಗಿ ಬಂತು. ಪುಟ ತೆರೆದು ಹೋಲಿಸಲು ಅಚ್ಚಾದ ಪುಸ್ತಕವಿತ್ತು.

ಇಲ್ಲಿ ಕಾನೂನೂ ವಿಮರ್ಶೆಯೂ ಒಂದೇ ಮಾತು ಆಡುತ್ತವೆ. ಆ ಮೂವತ್ತು ಪುಟದ ಲಾಯ, ಹುಲ್ಲಿನ ವಾಸನೆ, ಅಪ್ಪನ ಮರೆವು ಈ ಹುಡುಗನ ಆಸ್ತಿ. ಫೈಟ್ ಎಲ್ಲರದ್ದು. ಮಾರಲು ಹೊರಟವನು ತನ್ನದನ್ನು ತೆಳ್ಳಗೆ ಮಾಡಿ, ಎಲ್ಲರದ್ದನ್ನು ತುಂಬಿಕೊಂಡಿದ್ದಾನೆ. ನಾಳೆ ಯಾರಾದರೂ ಕದ್ದರೆ ತೋರಿಸಲಿಕ್ಕೆ ಉಳಿಯುವುದೇನು?

ಬರೆಯುವವನನ್ನು ಕಡೆಗಣಿಸುವುದು ಹಳೆಯ ಚಾಳಿ. ಹಿಂದಿಯಲ್ಲಿ ಸಂಭಾಷಣೆಕಾರನನ್ನು 'ಮುನ್ಷಿ' ಎನ್ನುತ್ತಿದ್ದರು. ಉರ್ದು ಶಾಲೆಯಲ್ಲಿ ನಾವು ಗೌರವದಿಂದ ಕಲಿತ ಶಬ್ದ ಅಲ್ಲಿ ಗುಮಾಸ್ತನಷ್ಟಕ್ಕೆ ಇಳಿದಿತ್ತು. 1973ರ 'ಜಂಜೀರ್' ಪೋಸ್ಟರುಗಳ ಮೇಲೆ ಸಲೀಂ-ಜಾವೇದ್ ತಮ್ಮ ಹೆಸರನ್ನು ತಾವೇ ಬಳಿಸಬೇಕಾಯಿತು. ಗುಬ್ಬಿ ಕಂಪನಿಯ ತವರಾದ ನಮ್ಮ ಜಿಲ್ಲೆಯಲ್ಲೇ ಕೇಳಿ ನೋಡಿ: 1954ರ 'ಬೇಡರ ಕಣ್ಣಪ್ಪ' ಎಂದರೆ ರಾಜಕುಮಾರ್, ಗುಬ್ಬಿ ವೀರಣ್ಣ ಎನ್ನುತ್ತಾರೆ. ಬರೆದವರು ಯಾರು ಎಂದರೆ ಮೌನ.

2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ ಚಿತ್ರಮಂದಿರದ ಹೊರಗಿನ ಬಳಕೆಗೆ ಬರಹಗಾರನಿಗೆ ಸಿಗಬೇಕಾದ ರಾಯಲ್ಟಿಯನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಇದನ್ನು ಹೇಳಿದಾಗ ಹುಡುಗ ನಕ್ಕ. "ಮೊದಲು ಒಳಗೆ ಬಿಡಲಿ ಸಾರ್" ಎಂದ. ನಮ್ಮ ಬಳಿ ಉತ್ತರವಿರಲಿಲ್ಲ.

ಫೈಟ್ ತೆಗೆದು, ನೋಂದಣಿ ಮಾಡಿಸಿ, ಪ್ರತಿ ಕೊಟ್ಟಲ್ಲೆಲ್ಲಾ ಸಹಿ ಪಡೆದುಕೋ ಎಂದು ಹೇಳಿ ಕಳಿಸಿದ್ದೇವೆ. ಮುಂದಿನ ವಾರ ಐದನೇ ಕಚೇರಿಗೆ ಹೋಗುವುದಿದೆಯಂತೆ.