ಬಾಹ್ಯಾಕಾಶದ ಮೆಂತ್ಯ, ಬಿಳಿಗಿರಿಯ ಮಾಕಳಿ

ಮದ್ದಿನ ಗಿಡ ಬೆಳೆಸುವ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಮಂದಿ ಈಗ ಧಾರವಾಡದತ್ತ ಕಿವಿಗೊಡಬೇಕು. 2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಯಾನದ ಪ್ರಯೋಗಗಳಲ್ಲಿ ಮೆಂತ್ಯ ಮತ್ತು ಹೆಸರುಕಾಳಿನ ಮೊಳಕೆಯೂ ಸೇರಿತ್ತು. ಅದನ್ನು ರೂಪಿಸಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಶುಕ್ಲಾ ಅಲ್ಲಿ ಕಾಳು ಮೊಳೆಯಿಸಿ, ಮೊಳಕೆಯನ್ನು ಶೀತಲಪೆಟ್ಟಿಗೆಯಲ್ಲಿಟ್ಟರು.

ತೂಕವೇ ಇಲ್ಲದ ಕಡೆ ಬೇರಿಗೆ ಕೆಳಗು ಯಾವುದೆಂದು ತಿಳಿಯದು. ನೀರು, ಗಾಳಿ ಇಲ್ಲಿಯಂತೆ ಹರಿಯವು. ಜೊತೆಗೆ ವಿಕಿರಣದ ಪೆಟ್ಟು. ಇಂಥ ಕಷ್ಟಕ್ಕೆ ಸಿಕ್ಕ ಗಿಡ ತನ್ನ ರಕ್ಷಣೆಯ ರಾಸಾಯನಿಕಗಳನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ನಾವು ಮದ್ದೆಂದು ಬಳಸುವುದು ಬಹುಪಾಲು ಅವನ್ನೇ. ಮೆಂತ್ಯದ ಡಯೋಸ್ಜೆನಿನ್, ಟ್ರೈಗೊನೆಲಿನ್ ಆ ಬಗೆಯವು.

ಆದರೆ ಆ ಒಂದು ಗಿಡದಲ್ಲಿ ಏರಿದ ಸತ್ವ ಅದರ ಬೀಜಕ್ಕೆ ಇಳಿಯಲೇಬೇಕೆಂದಿಲ್ಲ. ವಿಕಿರಣ ಡಿಎನ್‌ಎಯನ್ನೇ ತಿದ್ದಿದ್ದರೆ ಹೊಸ ಗುಣ ಪೀಳಿಗೆಗೆ ಸಾಗಬಹುದು. ಅಂಥ ತಿದ್ದುಪಡಿಗಳಲ್ಲೂ ಹೆಚ್ಚಿನವು ಉಪಯೋಗಕ್ಕೆ ಬಾರವು. 2006ರಲ್ಲಿ ಬೀಜಗಳಿಗೆಂದೇ ಶಿಜಿಯಾನ್-8 ಉಪಗ್ರಹ ಹಾರಿಸಿದ ಚೀನೀಯರೂ ತಳಿ ಆರಿಸಿದ್ದು ನೆಲದ ಮೇಲೆ, ಬೆಳೆ ಬೆಳೆದು ನೋಡಿಯೇ. ಪಕ್ಕದಲ್ಲಿ ಭೂಮಿಯಲ್ಲೇ ಉಳಿದ ಅದೇ ತಳಿಯ ಬೀಜ ಬಿತ್ತದಿದ್ದರೆ, ಬದಲಾದದ್ದು ಏನೆಂದು ಹೇಳುವುದಾದರೂ ಹೇಗೆ?

ಪಕ್ಕದಲ್ಲಿಟ್ಟು ಹೋಲಿಸುವ ಈ ಪಾಠ ನನಗೆ ಬಹಳ ಮುಖ್ಯವೆನಿಸುವುದು ಮಾಕಳಿ ಬೇರಿನ ವಿಚಾರದಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ಅಗೆದು ತರುತ್ತಿದ್ದ, ಉಪ್ಪಿನಕಾಯಿಗೂ ಶರಬತ್ತಿಗೂ ಒದಗುವ ಬೇರು ಅದು. ವೆನಿಲ್ಲಾದ ಘಮಕ್ಕೆ ಕಾರಣವಾದ ವೆನಿಲಿನ್‌ಗೆ ತೀರ ಹತ್ತಿರದ ರಾಸಾಯನಿಕವೇ ಅದರ ಪರಿಮಳದ ಮೂಲ: ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ಮೆಂತ್ಯದ ಪೀಳಿಗೆ ಕೆಲವೇ ತಿಂಗಳಲ್ಲಿ ಮುಗಿದರೆ ಮಾಕಳಿಯ ಬೇರು ದಪ್ಪವಾಗಲು ವರ್ಷಗಳು ಬೇಕು. ಬೇರನ್ನು ಪೂರ್ತಿ ಕಿತ್ತರೆ ಬಳ್ಳಿಯೇ ಇಲ್ಲ. ಇದು ಅಳಿವಿನಂಚಿನ ಸಸ್ಯ.

ಮಾಕಳಿಯನ್ನು ಮೇಲಕ್ಕೆ ಕಳಿಸುವ ಕನಸು ಆಮೇಲೆ ಕಾಣೋಣ. ಮೊದಲು ಬಿಳಿಗಿರಿಯ ಬಳ್ಳಿಗೂ ಮಲೆ ಮಹದೇಶ್ವರ ಬೆಟ್ಟದ ಬಳ್ಳಿಗೂ ಘಮದಲ್ಲಿ, ಸತ್ವದಲ್ಲಿ ಏನು ವ್ಯತ್ಯಾಸವೆಂದು ಅಳೆದು, ಊರುಹೆಸರು ಬರೆದು ಬೀಜ ಉಳಿಸಬೇಕು. ಈ ಕೆಲಸದಲ್ಲಿ ಸೋಲಿಗರ ತಿಳಿವಳಿಕೆಗೆ ಮೊದಲ ಮಣೆ ಸಲ್ಲಬೇಕು. ಮನೆಯಲ್ಲೇ ಕೈಹಚ್ಚಲು ಮೆಂತ್ಯ ಸಾಕು: ನಿಮ್ಮ ಹಳೆಯ ಬೀಜ ಒಂದು ಮಡಿಗೆ, ಅಂಗಡಿಯ ಬೀಜ ಪಕ್ಕದ ಮಡಿಗೆ. ಸೊಪ್ಪಿನ ಕಹಿ, ಘಮ ಎರಡನ್ನೂ ಬರೆದಿಡಿ. ಒಳ್ಳೆಯ ಗಿಡವನ್ನು ಕೊಯ್ಯದೆ ಬೀಜಕ್ಕೆ ಬಿಡಿ. ತಳಿ ಆರಿಸುವ ವಿದ್ಯೆ ಶುರುವಾಗುವುದೇ ಅಲ್ಲಿಂದ.