ಗಡಿಯಾರ ಯಾರ ಕೈಯಲ್ಲಿರಬೇಕು?

ಸಂಸ್ಥೆಯೊಂದರ ವ್ಯವಹಾರೋದ್ದೇಶಕ್ಕೂ ಅದರೊಳಗೆ ದುಡಿಯುವವರ ದಿನನಿತ್ಯದ ಕೆಲಸಕ್ಕೂ ಹೊಂದಿಕೆಯನ್ನು ತರುವುದು ಹೇಗೆಂಬ ಪ್ರಶ್ನೆಯನ್ನು ಕುರಿತು ಬಂದಿರುವ ಗ್ರಂಥಗಳು ಅಪಾರವಾಗಿವೆ. ಅವುಗಳಲ್ಲಿ ಬಹುಪಾಲು ಒಮ್ಮೆ ಓದಿ ಬದಿಗಿಡತಕ್ಕವು. ಇಂಟೆಲ್ ಸಂಸ್ಥೆಯ ಆಂಡ್ರೂ ಗ್ರೋವ್ 1983ರಲ್ಲಿ ಪ್ರಕಟಿಸಿದ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ ಆ ಸಾಲಿಗೆ ಸೇರಿದುದಲ್ಲ. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮೂರು ತಿಂಗಳಿಗೊಮ್ಮೆ ‘ಓಕೆಆರ್’ ಎಂಬ ಹೆಸರಿನಿಂದ ನಡೆಯುವ ಗುರಿ ನಿಗದಿಯ ವಿಧಿಗೆ ಮೂಲವಾದದ್ದು ಗ್ರೋವ್ ಇಂಟೆಲ್‌ನಲ್ಲಿ ರೂಢಿಗೆ ತಂದ ಕ್ರಮವೇ. ಆತನ ಕೈಕೆಳಗೆ ಅದನ್ನು ಕಲಿತ ಜಾನ್ ಡೋರ್ 1999ರಲ್ಲಿ ಆಗತಾನೆ ತಲೆಯೆತ್ತುತ್ತಿದ್ದ ಗೂಗಲ್‌ಗೆ ಅದನ್ನು ಒಯ್ದುಕೊಟ್ಟನು; ಅಲ್ಲಿಂದ ಅದು ದೇಶದೇಶಗಳಿಗೆ ಹಬ್ಬಿತು. ಹಬ್ಬುವ ದಾರಿಯಲ್ಲಿ ಉಳಿದುಬಂದದ್ದೇನು, ಉದುರಿಹೋದದ್ದೇನು ಎಂಬುದನ್ನು ತಿಳಿಯಬೇಕಾದರೆ ಮೂಲ ಗ್ರಂಥವನ್ನೇ ಕೈಗೆತ್ತಿಕೊಳ್ಳಬೇಕು.

ಗ್ರೋವ್ ಹುಟ್ಟಿದ್ದು 1936ರಲ್ಲಿ, ಬುಡಾಪೆಸ್ಟ್ ನಗರದಲ್ಲಿ. 1956ರ ಹಂಗೆರಿಯ ದಂಗೆ ಅಡಗಿದ ಮೇಲೆ ದೇಶವನ್ನು ಬಿಟ್ಟು ಅಮೆರಿಕಕ್ಕೆ ಬಂದು, ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಪಾಂಡಿತ್ಯವನ್ನು ಗಳಿಸಿ, 1968ರಲ್ಲಿ ಇಂಟೆಲ್ ಆರಂಭವಾದಂದಿನಿಂದಲೇ ಅಲ್ಲಿ ದುಡಿದವನು. ಆತನ ಬರವಣಿಗೆಯಲ್ಲಿ ಎಂಜಿನಿಯರನ ಕಣ್ಣು ಎದ್ದುಕಾಣುತ್ತದೆ. ಗ್ರಂಥದ ಮೊದಲ ಅಧ್ಯಾಯದಲ್ಲಿ ಮಹಾತತ್ತ್ವಗಳಾವುವೂ ಇಲ್ಲ. ಅಲ್ಲಿರುವುದು ಬೆಳಗಿನ ಉಪಾಹಾರ. ಮೂರು ನಿಮಿಷ ಬೆಂದ ಒಂದು ಮೊಟ್ಟೆ, ಬೆಣ್ಣೆ ಸವರಿದ ರೊಟ್ಟಿಯ ಹೋಳು, ಒಂದು ಲೋಟ ಕಾಫಿ: ಈ ಮೂರೂ ಬಿಸಿಯಾಗಿ ಒಂದೇ ಕ್ಷಣದಲ್ಲಿ ಗಿರಾಕಿಯ ಮುಂದೆ ಬರಬೇಕು. ಹೆಚ್ಚು ಹೊತ್ತು ಹಿಡಿಯುವುದು ಮೊಟ್ಟೆಯಾದುದರಿಂದ ಮಿಕ್ಕ ಕೆಲಸಗಳೆಲ್ಲ ಅದರ ಸುತ್ತ ಹೊಂದಿಕೊಳ್ಳಬೇಕೆಂದೂ, ಕೊಳೆತ ಮೊಟ್ಟೆಯನ್ನು ಗಿರಾಕಿಯ ತಟ್ಟೆಯಲ್ಲಿ ಕಂಡುಹಿಡಿಯುವುದಕ್ಕಿಂತ ಬುಟ್ಟಿ ಬಾಗಿಲಿಗೆ ಬಂದಾಗಲೇ ಕಂಡುಹಿಡಿಯುವುದು ಲಾಭವೆಂದೂ ತೋರಿಸುತ್ತ, ಕಾರ್ಖಾನೆಯ ನಿಯಮಗಳನ್ನು ಆತ ಮೆಲ್ಲಮೆಲ್ಲನೆ ಕಚೇರಿಯ ಕೆಲಸಕ್ಕೂ ಅನ್ವಯಿಸುತ್ತ ಹೋಗುತ್ತಾನೆ. ಅಧಿಕಾರಿಯ ಸಾಧನೆಯೆಂದರೆ ಆತನು ಸ್ವತಃ ಮಾಡಿದ ಕೆಲಸವಲ್ಲ, ಆತನ ತಂಡವೂ ಆತನ ಪ್ರಭಾವಕ್ಕೊಳಗಾದ ನೆರೆಯ ತಂಡಗಳೂ ಸೇರಿ ಹೊರತಂದ ಫಲವೇ ಎಂಬ ಪ್ರಸಿದ್ಧ ಸಿದ್ಧಾಂತ ಈ ಭೂಮಿಕೆಯಿಂದ ಹುಟ್ಟಿದ್ದು.

ಗುರಿಗಳ ವಿಚಾರಕ್ಕೆ ಬಂದಾಗ ಗ್ರೋವ್ ಹೇಳುವುದು ಬಹು ಸರಳ. ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಹೋಗುತ್ತಿದ್ದೇವೆಯೋ ಇಲ್ಲವೋ ಎಂಬುದು ದಾರಿಯಲ್ಲಿ ಹೇಗೆ ತಿಳಿಯುವುದೆಂಬುದನ್ನು ಅನಂತರ ನಿಶ್ಚಯಿಸಿಕೊಳ್ಳಬೇಕು. ಗುರಿಗಳು ಕೆಲವೇ ಇರಬೇಕು, ಏಕೆಂದರೆ ಎಲ್ಲವನ್ನೂ ಗುರಿಯೆಂದು ಬರೆದುಕೊಂಡವನಿಗೆ ಯಾವುದೂ ಗುರಿಯಾಗಿ ಉಳಿಯುವುದಿಲ್ಲ. ಈ ವಿಚಾರದ ಬೇರು 1954ರಲ್ಲಿ ಬಂದ ಪೀಟರ್ ಡ್ರಕರ್‌ನ ‘ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಗ್ರಂಥದಲ್ಲಿದೆ. ಅಲ್ಲಿ ಡ್ರಕರ್ ಗುರಿಯನ್ನೂ ಆತ್ಮನಿಯಂತ್ರಣವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದನೆಂಬುದನ್ನು ಅನಂತರದವರು ಮರೆತದ್ದು ವಿಷಾದದ ಸಂಗತಿ. ಗ್ರೋವ್ ಮರೆಯಲಿಲ್ಲ. ಆತ ಕೊಡುವ ನಿದರ್ಶನ ಕೊಲಂಬಸನದು. ಸ್ಪೇನಿನ ಸಂಪತ್ತನ್ನು ಹೆಚ್ಚಿಸಬೇಕೆಂಬುದು ರಾಣಿ ಇಸಬೆಲ್ಲಳ ಗುರಿ. ಅದಕ್ಕೆ ಅನುಗುಣವಾಗಿ ಪೂರ್ವದೇಶಗಳಿಗೆ ಹೊಸ ವ್ಯಾಪಾರಮಾರ್ಗವನ್ನು ಕಂಡುಹಿಡಿಯುವುದು ಕೊಲಂಬಸನ ಗುರಿ. ಮಾರ್ಗವೇನೋ ಸಿಕ್ಕಲಿಲ್ಲ. ಬರೆದಿಟ್ಟ ಗುರಿಯ ಪ್ರಕಾರ ಅವನು ಸೋತವನೇ, ಆದರೂ ರಾಣಿಯ ಉದ್ದೇಶ ನೆರವೇರಿತು. ಆದುದರಿಂದ ಗುರಿಪಟ್ಟಿಯನ್ನು ಕರಾರುಪತ್ರದಂತೆ ಹಿಡಿದುಕೊಂಡು ನೌಕರನ ಯೋಗ್ಯತೆಯನ್ನು ಅಳೆಯಬಾರದು, ಅದು ಕೆಲಸಗಾರನು ತನ್ನ ವೇಗವನ್ನು ತಾನೇ ನೋಡಿಕೊಳ್ಳಲೆಂದು ಅವನ ಕೈಗೆ ಕೊಟ್ಟ ಗಡಿಯಾರ ಮಾತ್ರ, ಎಂಬುದು ಗ್ರೋವ್‌ನ ಅಭಿಪ್ರಾಯ. ಇಡೀ ಗ್ರಂಥದಲ್ಲಿ ನಾನು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುವ ಮಾತು ಇದು.

ಇದಕ್ಕೆ ಜೊತೆಯಾದ ಇನ್ನೊಂದು ವಿವೇಕವೂ ಅಲ್ಲಿದೆ. ಯಾವ ಒಂದು ಅಳತೆಯನ್ನೂ ಒಂಟಿಯಾಗಿ ಬಿಡಬಾರದು, ಅದರ ದುಷ್ಪರಿಣಾಮವನ್ನು ತೋರಿಸುವ ಮತ್ತೊಂದು ಅಳತೆಯನ್ನು ಪಕ್ಕದಲ್ಲೇ ಇರಿಸಬೇಕು ಎಂದು ಗ್ರೋವ್ ಹೇಳುತ್ತಾನೆ. ದಾಸ್ತಾನು ಕಡಮೆಯಾಯಿತೆಂದು ಹಿಗ್ಗುವವನು ಸರಕು ಸಾಲದೆ ಹೋದ ಸಂದರ್ಭಗಳನ್ನೂ ಎಣಿಸಲಿ. ಎಷ್ಟು ಚದರಡಿ ನೆಲ ಗುಡಿಸಲಾಯಿತೆಂದು ಕೇಳುವವನು ಅದು ಎಷ್ಟು ಶುಭ್ರವಾಗಿದೆಯೆಂಬುದನ್ನೂ ಕೇಳಲಿ. ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಚರಿತ್ರೆ ಕಣ್ಣೆದುರಿಗಿದೆ. ಪ್ರತಿ ಗ್ರಾಹಕನಿಗೆ ಎಂಟು ಬಗೆಯ ಸೇವೆಗಳನ್ನು ಮಾರಬೇಕೆಂಬುದು ಅಲ್ಲಿಯ ಧ್ಯೇಯವಾಗಿತ್ತು. ಶಾಖೆಯ ಗುಮಾಸ್ತೆಯವರೆಗೂ ಆ ಸಂಖ್ಯೆ ಇಳಿದುಬಂದು, ದಿನದಿನದ ಒತ್ತಡವಾಗಿ, ಕೊನೆಗೆ ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆಗಳು ತೆರೆಯಲ್ಪಟ್ಟವು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿದ್ದಿತು; ಅಷ್ಟರೊಳಗೆ ಸುಮಾರು 5,300 ಮಂದಿ ನೌಕರರು ಕೆಲಸ ಕಳೆದುಕೊಂಡಿದ್ದರು. ತಂಡವು ಸಂಸ್ಥೆಯ ಗುರಿಯೊಡನೆ ಹೊಂದಿಕೊಳ್ಳಲಿಲ್ಲವೆಂದು ಇಲ್ಲಿ ಯಾರೂ ದೂರುವಂತಿರಲಿಲ್ಲ. ಹೊಂದಿಕೆ ಸಂಪೂರ್ಣವಾಗಿಯೇ ಇತ್ತು. ಗ್ರಾಹಕನಿಗೆ ಅದು ಬೇಕಾಗಿತ್ತೇ ಎಂದು ಕೇಳುವ ಎರಡನೆಯ ಅಳತೆ ಮಾತ್ರ ಇರಲಿಲ್ಲ.

ಇಷ್ಟು ಗುಣವುಳ್ಳ ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಗುರಿಯು ಮೇಲಿನಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿಯಬೇಕೆಂಬುದನ್ನು ಗ್ರೋವ್ ಸಹಜಧರ್ಮವೆಂಬಂತೆ ಅಂಗೀಕರಿಸಿ ಮುಂದೆ ನಡೆಯುತ್ತಾನೆ. ಮೇಲಿನ ಗುರಿಯೇ ತಪ್ಪಾಗಿದ್ದರೆ ಎಂಬ ಪ್ರಶ್ನೆಗೆ ಕೊಲಂಬಸನ ನಿದರ್ಶನದಲ್ಲಿ ಎಡೆಯೇ ಇಲ್ಲ. ಸ್ಪೇನಿನ ಸಂಪತ್ತು ಬೆಳೆಯಿತು, ಸರಿ. ಕೊಲಂಬಸನು ಕಾಲಿಟ್ಟ ದ್ವೀಪಗಳ ಟೈನೋ ಜನರು ರೋಗದಿಂದಲೂ ಬಲಾತ್ಕಾರದ ದುಡಿಮೆಯಿಂದಲೂ ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ನಶಿಸಿಹೋದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಯಾತ್ರೆಯನ್ನು ಕಾರ್ಯದಕ್ಷತೆಯ ಮಾದರಿಯಾಗಿ ಮುಂದಿಡುವುದು ನನಗೆ ಒಪ್ಪಿಗೆಯಾಗದು. ಅಳತೆಗಳನ್ನು ಜೋಡಿಯಾಗಿ ಇರಿಸಬೇಕೆಂದು ಕಲಿಸಿದವನೇ ಇಲ್ಲಿ ಒಂಟಿ ಅಳತೆಯಿಂದ ತೃಪ್ತನಾದನು.

ಈ ಕೊರತೆಗೆ ಉತ್ತರವನ್ನು ಗ್ರೋವ್‌ನ ಜೀವನವೇ ಒದಗಿಸಿತೆಂಬುದು ಗಮನಾರ್ಹ. 1985ರ ಹೊತ್ತಿಗೆ ಜಪಾನಿನ ಕಂಪನಿಗಳು ಉತ್ತಮವಾದ ಮೆಮೊರಿ ಚಿಪ್‌ಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದವು, ಇಂಟೆಲ್ ಆ ವ್ಯಾಪಾರದಲ್ಲಿ ನಷ್ಟಕ್ಕಿಳಿದಿತ್ತು. ಮೆಮೊರಿಯೇ ಇಂಟೆಲ್‌ನ ಪ್ರಾಣವೆಂದು ನಂಬಿದ್ದ ಹಿರಿಯರು ವಾದವಿವಾದಗಳಲ್ಲಿ ಕಾಲ ಕಳೆಯುತ್ತಿದ್ದಾಗ, ಆಡಳಿತ ಮಂಡಳಿ ನಮ್ಮನ್ನು ತೆಗೆದುಹಾಕಿ ಹೊಸಬನನ್ನು ತಂದರೆ ಅವನು ಏನು ಮಾಡಿಯಾನೆಂದು ಗ್ರೋವ್ ಕೇಳಿದನು. ಮೆಮೊರಿಯನ್ನು ಕೈಬಿಡುತ್ತಾನೆಂದು ಇಂಟೆಲ್‌ನ ಸ್ಥಾಪಕರಲ್ಲೊಬ್ಬನಾದ ಗಾರ್ಡನ್ ಮೂರ್ ಉತ್ತರವಿತ್ತನು. ಹಾಗಾದರೆ ನಾವೇ ಅದನ್ನೇಕೆ ಮಾಡಬಾರದೆಂದು ತೀರ್ಮಾನವಾದ ಈ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. 1996ರ ‘ಓನ್ಲಿ ದಿ ಪ್ಯಾರನಾಯ್ಡ್ ಸರ್ವೈವ್’ ಗ್ರಂಥದಲ್ಲಿ ಅದರ ಪಕ್ಕದಲ್ಲೇ ಬರುವ ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಉತ್ಪಾದನೆಯ ಯೋಜನೆ ಹಾಕುವವರೂ ಲೆಕ್ಕಪತ್ರದವರೂ ತಿಂಗಳು ತಿಂಗಳೂ ಸಭೆ ಸೇರಿ, ಸಿಲಿಕಾನ್ ಬಿಲ್ಲೆಗಳನ್ನು ಯಾವುದರಲ್ಲಿ ಲಾಭ ಹೆಚ್ಚೋ ಆ ಪದಾರ್ಥಕ್ಕೆ ಹಂಚುತ್ತ, ಮೆಮೊರಿಯಿಂದ ಮೈಕ್ರೋಪ್ರೊಸೆಸರ್ ಕಡೆಗೆ ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಬಂದಿದ್ದರು. ಹಿರಿಯರು ನಿರ್ಧಾರಕ್ಕೆ ಬರುವ ಹೊತ್ತಿಗೆ ಎಂಟು ಕಾರ್ಖಾನೆಗಳಲ್ಲಿ ಒಂದು ಮಾತ್ರ ಮೆಮೊರಿಯನ್ನು ತಯಾರಿಸುತ್ತಿತ್ತು. ತಂಡವು ಗುರಿಗೆ ಹೊಂದಿಕೊಳ್ಳುವ ಬದಲು ಗುರಿಯೇ ತಂಡದ ವಿವೇಕಕ್ಕೆ ಹೊಂದಿಕೊಳ್ಳಬೇಕಾಗಿ ಬಂದ ಈ ಪ್ರಕರಣವನ್ನು ಗ್ರೋವ್ ಮುಚ್ಚಿಡದೆ ಬರೆದದ್ದು ಆತನ ಸತ್ಯನಿಷ್ಠೆಗೆ ಸಾಕ್ಷಿ.

ಇನ್ನು ನಮ್ಮಲ್ಲಿಯ ಆಚರಣೆ. ನಾನು ಕಂಡ ಕಚೇರಿಗಳಲ್ಲಿ ತ್ರೈಮಾಸಿಕದ ಮೊದಲ ವಾರ ಮೇಲಿನಿಂದ ಒಂದು ಎಕ್ಸೆಲ್ ಹಾಳೆ ಬರುತ್ತದೆ. ಮ್ಯಾನೇಜರನು ಅದರ ಸಾಲುಗಳನ್ನು ಹಂಚುತ್ತಾನೆ. ಅದೇ ಸಂಖ್ಯೆ ವರ್ಷದ ಕೊನೆಯಲ್ಲಿ ಅಪ್ರೈಸಲ್‌ನಲ್ಲಿ ಎದುರಿಗೆ ಬಂದು ನಿಲ್ಲುತ್ತದೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಮುಗಿದೇ ಹೋಗಿರುವ ಕೆಲಸವನ್ನು ಗುರಿಯೆಂದು ಬರೆಯುವ ಜಾಣತನ ಬೆಳೆಯುತ್ತದೆ. ಗುರಿಗೂ ಸಂಬಳಕ್ಕೂ ನೇರ ಗಂಟು ಹಾಕಬೇಡಿರೆಂದು ಡೋರ್ ಕೂಡ 2018ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಕೆಳಗಿನವನೇ ವಿಷಯಗಳನ್ನು ಗೊತ್ತುಮಾಡಿ ಮೇಲಿನವನು ಕೇಳಿಸಿಕೊಳ್ಳಬೇಕೆಂದು ಗ್ರೋವ್ ವಿಧಿಸಿದ ಇಬ್ಬರದೇ ಭೇಟಿಯೂ, ಕೆಳಗಿನವರಿಗೆ ಕೆಲಸ ಕಲಿಸುವುದು ಅಧಿಕಾರಿಯ ಸ್ವಂತ ಹೊಣೆಯೆಂಬ ಆತನ ಒತ್ತಾಯವೂ ಇಲ್ಲಿ ಕಾಣಸಿಗುವುದು ಅಪರೂಪ. ಗಡಿಯಾರವನ್ನು ಕೆಲಸಗಾರನ ಕೈಯಿಂದ ಮೇಲಧಿಕಾರಿಯ ಕೈಗೆ ವರ್ಗಾಯಿಸಿ, ಆ ಕ್ರಿಯೆಗೆ ಗ್ರೋವ್‌ನ ಹೆಸರನ್ನು ಕೊಡುವುದು ಅನ್ಯಾಯ.

ತಂಡವನ್ನು ನಡೆಸುವ ಹೊಣೆ ಹೊತ್ತ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು: 1983ರ ಗ್ರಂಥವನ್ನು ಒಂದನ್ನೇ ಓದಬೇಡಿ, 1996ರದನ್ನೂ ಜೊತೆಯಲ್ಲಿರಿಸಿಕೊಂಡು ಓದಿ, ಮುಂದಿನ ತ್ರೈಮಾಸಿಕದ ಹಾಳೆ ಬಂದಾಗ, ಅದನ್ನು ಹಂಚುವುದಕ್ಕೆ ಮುನ್ನ, ಆ ಗುರಿ ಸರಿಯೇ ಎಂದು ನಿಮ್ಮ ಕೈಕೆಳಗಿನವರನ್ನು ಒಮ್ಮೆ ಕೇಳಿ.