ಉತ್ತರಿಸದವರ ಲೆಕ್ಕ

ಜನಾರೋಗ್ಯದ ಸಮೀಕ್ಷೆಯೆಂದರೆ ಕೆಲವರ ಮಾತಿನಿಂದ ಎಲ್ಲರ ಸ್ಥಿತಿಯನ್ನು ಅನುಮಾನಿಸುವ ವಿದ್ಯೆ. ದೂರವಾಣಿಯ ಮೂಲಕ ನಡೆಯುವ ಸಮೀಕ್ಷೆಯಲ್ಲಿ ಈ ಅನುಮಾನಕ್ಕೆ ಒಂದು ವಿಶೇಷ ತೊಡಕುಂಟು. ಗಂಟೆ ಬಾರಿಸಿದರೂ ಎತ್ತದವರು, ಎತ್ತಿಯೂ ಮಾತನಾಡಲೊಲ್ಲದವರು ಬಹುಮಂದಿ. ಅವರ ಮೌನಕ್ಕೆ ಯಾವ ಅರ್ಥವನ್ನು ಕೊಡಬೇಕೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1984ರಲ್ಲಿ 15 ರಾಜ್ಯಗಳೊಡನೆ ಆರಂಭಿಸಿದ ಬಿ.ಆರ್.ಎಫ್.ಎಸ್.ಎಸ್. ಸಮೀಕ್ಷೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ಧೂಮಪಾನ, ವ್ಯಾಯಾಮ, ಮಧುಮೇಹ ಮೊದಲಾದವನ್ನು ಕುರಿತು ವಯಸ್ಕರನ್ನು ಪ್ರಶ್ನಿಸುವುದು ಅದರ ಕಾರ್ಯ. ಮನೆಯ ದೂರವಾಣಿಯನ್ನು ತೊರೆದವರು ಹೆಚ್ಚಿದುದರಿಂದ 2011ರಲ್ಲಿ ಮೊಬೈಲ್ ಸಂಖ್ಯೆಗಳನ್ನೂ ಅದರ ಪ್ರಕಟಿತ ಲೆಕ್ಕಕ್ಕೆ ಸೇರಿಸಿಕೊಳ್ಳಲಾಯಿತು. 2022ರಲ್ಲಿ ಅದರ ರಾಜ್ಯವಾರು ಪ್ರತಿಕ್ರಿಯಾ ಪ್ರಮಾಣಗಳ ಮಧ್ಯಾಂಕವು ಶೇಕಡ 45ರ ಆಸುಪಾಸಿನಲ್ಲಿತ್ತು. ಅಭಿಪ್ರಾಯ ಸಂಗ್ರಹದ ಪ್ಯೂ ಸಂಸ್ಥೆಯ ದೂರವಾಣಿ ಸಮೀಕ್ಷೆಗಳಲ್ಲಿ 1997ರಲ್ಲಿ ಶೇಕಡ 36 ಇದ್ದ ಪ್ರಮಾಣವು 2018ರ ವೇಳೆಗೆ ಶೇಕಡ 6ಕ್ಕೆ ಇಳಿಯಿತು.

ಇಂತಹ ಅಂಕಿಗಳನ್ನು ಓದುವಾಗ ಎರಡು ಅಳತೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಸಂಪರ್ಕಕ್ಕೆ ಸಿಕ್ಕವರಲ್ಲಿ ಎಷ್ಟು ಮಂದಿ ಉತ್ತರಿಸಿದರೆಂಬುದು ಸಹಕಾರದ ಪ್ರಮಾಣ. ಸಿಕ್ಕದವರನ್ನೂ ಕೂಡಿಸಿ, ಅರ್ಹರೆಲ್ಲರಲ್ಲಿ ಉತ್ತರಿಸಿದವರೆಷ್ಟೆಂಬುದು ಪ್ರತಿಕ್ರಿಯೆಯ ಪ್ರಮಾಣ. ಮೊದಲನೆಯದು ಸಹಜವಾಗಿಯೇ ದೊಡ್ಡದು. ಅದನ್ನೇ ಮುಂದಿಟ್ಟು ಎರಡನೆಯದನ್ನು ಮರೆಮಾಡುವ ವರದಿಯು ಓದುಗನಿಗೆ ಅನ್ಯಾಯವನ್ನೆಸಗುತ್ತದೆ.

ಆದರೆ ಪ್ರಮಾಣವು ಇಳಿದ ಮಾತ್ರಕ್ಕೆ ಸಮೀಕ್ಷೆ ಸುಳ್ಳಾಯಿತೆನ್ನುವುದೂ ಅವಸರದ ತೀರ್ಪೇ. ಉತ್ತರಿಸದವರ ಪಾಲನ್ನು, ಅವರಿಗೂ ಉತ್ತರಿಸಿದವರಿಗೂ ಇರುವ ಅಂತರದಿಂದ ಗುಣಿಸಿದಾಗ ಬರುವುದೇ ದೋಷ. ಉತ್ತರಿಸಿದ ಶೇಕಡ 45 ಮಂದಿಯಲ್ಲಿ ಧೂಮಪಾನಿಗಳು ಶೇಕಡ 20, ಉಳಿದವರಲ್ಲಿ ಶೇಕಡ 30 ಎಂದು ಭಾವಿಸಿದರೆ ನಿಜವಾದ ಪ್ರಮಾಣ ಶೇಕಡ 25.5, ಸಮೀಕ್ಷೆ ಹೇಳುವುದು 20. ಅಂತರವೇ ಇಲ್ಲದಿದ್ದರೆ ಶೇಕಡ 6 ಮಂದಿಯ ಉತ್ತರವೂ ದಾರಿತಪ್ಪಿಸದು. ಪ್ರಮಾಣಕ್ಕೂ ದೋಷಕ್ಕೂ ಇರುವ ನಂಟು ಸಡಿಲವೆಂಬುದನ್ನು ರಾಬರ್ಟ್ ಗ್ರೋವ್ಸ್ 2006ರಲ್ಲಿಯೇ ತೋರಿಸಿದ್ದಾರೆ. ವಯಸ್ಸು, ವಿದ್ಯೆ ಮೊದಲಾದವಕ್ಕೆ ತಕ್ಕಂತೆ ತೂಕವನ್ನು ಹೊಂದಿಸುವ ಕ್ರಮವುಂಟು, ನಿಜ; ಒಂದೇ ವಯಸ್ಸಿನ, ಒಂದೇ ವಿದ್ಯೆಯ ಇಬ್ಬರಲ್ಲಿ ರೋಗಿಯಾದವನೇ ಕರೆಯನ್ನು ಎತ್ತದಿದ್ದರೆ ಆ ತೂಕವು ನಿಷ್ಫಲ.

ದೊಡ್ಡ ಸಂಖ್ಯೆಯೂ ಇದಕ್ಕೆ ಮದ್ದಲ್ಲ. 2021ರಲ್ಲಿ ಫೇಸ್‌ಬುಕ್ ಮೂಲಕ ವಾರಕ್ಕೆ ಸುಮಾರು ಎರಡೂವರೆ ಲಕ್ಷ ಉತ್ತರಗಳನ್ನು ಪಡೆದ ಸಮೀಕ್ಷೆಯೊಂದು, ಅಮೆರಿಕದಲ್ಲಿ ಕೋವಿಡ್ ಲಸಿಕೆ ಪಡೆದವರ ಪ್ರಮಾಣವನ್ನು ಮೇ ತಿಂಗಳಲ್ಲಿ 17 ಅಂಶಗಳಷ್ಟು ಹೆಚ್ಚಾಗಿ ಹೇಳಿತು; ಸುಮಾರು ಸಾವಿರ ಮಂದಿಯ ಇನ್ನೊಂದು ಸಮೀಕ್ಷೆ ಸತ್ಯಕ್ಕೆ ಹತ್ತಿರವಿತ್ತು. ಇವೆರಡೂ ದೂರವಾಣಿಯವಲ್ಲ, ಪಾಠ ಮಾತ್ರ ದೂರವಾಣಿಗೂ ಸಲ್ಲುತ್ತದೆ.

ಭಾರತಕ್ಕೆ ಈ ವಿಚಾರ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದ್ದರಿಂದ ಶೇಕಡ 98 ಕುಟುಂಬಗಳು ಉತ್ತರಿಸಿದುವು. ಅದೇ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದ ಸ್ತ್ರೀಯರು ಶೇಕಡ 54 ಮಾತ್ರ. ಖರ್ಚು ಕಡಮೆಯೆಂದು ದೂರವಾಣಿಯನ್ನೇ ನೆಚ್ಚಿದರೆ ಉಳಿದವರ ಮಾತು ಕೇಳಿಸುವುದೆಂತು? ಭಾಷೆಯದೂ ಇದೇ ಕಥೆ. ಮಗನ ಮನೆಯಲ್ಲಿರಲು ಮುಂಬಯಿಗೆ ಬಂದ, ಕನ್ನಡವಲ್ಲದೆ ಬೇರೆ ನುಡಿಯರಿಯದ ವೃದ್ಧೆಗೆ ಮರಾಠಿಯಲ್ಲಿ ಕರೆ ಬಂದರೆ ಆಕೆ ಅದನ್ನು ಕೆಳಗಿಡುವುದೇ ಸಹಜ. ಆಕೆಯ ಮೊಣಕಾಲ ನೋವಾಗಲಿ ರಕ್ತದೊತ್ತಡವಾಗಲಿ ಯಾವ ಕೋಷ್ಟಕಕ್ಕೂ ಸೇರದು. ಆಕೆಯಂತಹವರಿಗಾಗಿ ಯಾವ ಚಿಕಿತ್ಸಾಲಯವೂ ಯೋಜಿತವಾಗದು.

ಆದುದರಿಂದ ಸಮೀಕ್ಷಕರಿಂದ ಬಯಸಬೇಕಾದುದು ಎತ್ತರದ ಪ್ರಮಾಣವೊಂದನ್ನೇ ಅಲ್ಲ. ಮೌನವಾಗಿದ್ದವರು ಯಾರು, ಅವರನ್ನು ಎಷ್ಟು ಬಾರಿ, ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಕರೆಯಲಾಯಿತು ಎಂಬ ವಿವರವು ಪ್ರತಿ ವರದಿಯಲ್ಲಿಯೂ ಇರತಕ್ಕದ್ದು. ಅದಿಲ್ಲದ ಶೇಕಡಾವಾರು ಅಂಕಿಯು, ಮಾತನಾಡಲು ಬಲ್ಲವರ ಆರೋಗ್ಯವನ್ನೇ ನಾಡಿನ ಆರೋಗ್ಯವೆಂದು ಸಾರುತ್ತದೆ.